ಬಾಡಿಗೆ ಮನೆಯ ಕರೆಂಟ್ ಬಿಲ್ ದಿಢೀರ್ ಏರಿತಾ? ಮೊದಲು ಮೀಟರ್ ಹತ್ತಿರ ಹೋಗಿ

ದೃಶ್ಯ: ಮೆಟ್ಟಿಲ ಕೆಳಗೆ ಸಾಲಾಗಿ ಮೀಟರ್‌ಗಳು. ಕೈಯಲ್ಲಿ ಬಿಲ್.

ನಮಸ್ಕಾರ. ಇಷ್ಟು ದಿನ ಸೊನ್ನೆ ಬರುತ್ತಿದ್ದ ಬಿಲ್ ಈ ತಿಂಗಳು ಸಾವಿರ ದಾಟಿದೆ. ಓನರ್‌ಗೆ ಫೋನ್ ಮಾಡಿದರೆ "ನೀವೇ ಬಳಸಿರ್ತೀರಿ" ಅಂತಾರೆ. ಜಗಳಕ್ಕೆ ಮೊದಲು, ದುಡ್ಡು ಕಟ್ಟೋದಕ್ಕೂ ಮೊದಲು, ಬಿಲ್ ಹಿಡಿದು ಮೀಟರ್ ಮುಂದೆ ನಿಲ್ಲಿ.

ಬಿಲ್‌ನಲ್ಲಿರುವ ಮೀಟರ್ ನಂಬರ್ ನಿಮ್ಮದೇನಾ? ಆಮೇಲೆ ಬಿಲ್‌ನಲ್ಲಿ ಬರೆದಿರುವ ಈಗಿನ ರೀಡಿಂಗ್ ನೋಡಿ. ಮೀಟರ್ ಇವತ್ತು ತೋರಿಸುವ ಯೂನಿಟ್ ಅದಕ್ಕಿಂತ ಕಡಿಮೆ ಇದ್ದರೆ ರೀಡಿಂಗ್ ತಪ್ಪಾಗಿದೆ. ಫೋಟೊ ತೆಗೆದಿಡಿ.

ದೃಶ್ಯ: ಮನೆಯ ಮೇನ್ ಸ್ವಿಚ್ ಆಫ್ ಮಾಡುವ ಕೈ. ಮೀಟರ್‌ನ ಕೆಂಪು ದೀಪ.

ರೀಡಿಂಗ್ ಸರಿ ಇದ್ದರೆ ಮನೆಯೊಳಗಿನ ಮೇನ್ ಸ್ವಿಚ್ ಆಫ್ ಮಾಡಿ. ಮೀಟರ್‌ನ ಕೆಂಪು ದೀಪ ಮಿಣುಕುವುದು ನಿಲ್ಲಬೇಕು. ನನ್ನ ಹಳೇ ಮನೆಯಲ್ಲಿ ನಿಲ್ಲಲಿಲ್ಲ. ಸಂಪ್‌ನಿಂದ ಟ್ಯಾಂಕಿಗೆ ನೀರೆತ್ತುವ ಮೋಟಾರ್ ನಮ್ಮ ಮೀಟರ್‌ಗೇ ಸೇರಿತ್ತು! ಮೂರು ಮನೆಯ ನೀರಿಗೆ ನಾವೊಬ್ಬರೇ ದುಡ್ಡು ಕಟ್ಟಿದ್ದೆವು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಒಂದು ಎಚ್‌ಪಿ ಮೋಟಾರ್ ದಿನಕ್ಕೆ ಎರಡು ಗಂಟೆ ಓಡಿದರೂ ತಿಂಗಳಿಗೆ ಸುಮಾರು 45 ಯೂನಿಟ್ ಆಗುತ್ತದೆ. ಹಾಗಾಗಿ ದೀಪ ನಿಂತರೂ ಸುಮ್ನೆ ಬಿಡಬೇಡಿ. ಆಗ ಮೋಟಾರ್ ಆಫ್ ಇದ್ದಿರಬಹುದು, ಹಾಕಿಸಿ ಇನ್ನೊಮ್ಮೆ ನೋಡಿ. ಮೆಟ್ಟಿಲ ಲೈಟೂ ಅಷ್ಟೇ.

ಆ 45 ಯೂನಿಟ್ ಯಾಕೆ ಮುಖ್ಯ ಗೊತ್ತಾ? 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಒಂದು ಗಡಿ. ಅದರೊಳಗೆ, ನಿಮಗೆ ಗೊತ್ತು ಮಾಡಿದ ಉಚಿತ ಯೂನಿಟ್ ಮೀರಿದರೆ ಮೀರಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಇನ್ನೊಬ್ಬರ ಮೋಟಾರ್ ನಿಮ್ಮನ್ನು ಆ ಗಡಿ ದಾಟಿಸಿಬಿಡಬಹುದು, ಅಲ್ವಾ?

ನಿಮ್ಮದೇ ಬಳಕೆಯೂ ಇರಬಹುದು. 2000 ವ್ಯಾಟ್ ಗೀಸರ್ ಒಂದು ಗಂಟೆ ಕಾದರೆ ಎರಡು ಯೂನಿಟ್. ಚಳಿಗಾಲದ ಬಿಲ್ ಜಾಸ್ತಿ ಬರೋದು ಸಾಮಾನ್ಯವಾಗಿ ಇದರಿಂದಲೇ.

ದೃಶ್ಯ: ಫೋನ್ ಪರದೆಯ ಮೇಲೆ 1912.

ರೀಡಿಂಗ್ ತಪ್ಪಿದ್ದರೆ ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಕರೆ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ನಿಮ್ಮ ಉಪವಿಭಾಗದ ಕಚೇರಿಗೂ ಫೋಟೊ ಸಮೇತ ಅರ್ಜಿ ಕೊಡಿ. ಮೀಟರ್ ಮೇಲೇ ಅನುಮಾನ ಇದ್ದರೆ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ವೈರಿಂಗ್ ತಪ್ಪಾದರೆ ಮಾತ್ರ ಅದು ಓನರ್ ಸರಿಪಡಿಸಬೇಕಾದ ಕೆಲಸ. ಮಿಣುಕುವ ದೀಪದ ವಿಡಿಯೋ ಕಳಿಸಿ, ಕೇಳೋದನ್ನು ಬರಹದಲ್ಲೇ ಕೇಳಿ.

ಮನೆ ಬಿಡುವಾಗ, ಗೃಹಜ್ಯೋತಿಗಾಗಿ ಜೋಡಿಸಿದ್ದ ನಿಮ್ಮ ಆಧಾರನ್ನು ಹಳೇ ಮನೆಯ ಆರ್‌ಆರ್ ನಂಬರ್‌ನಿಂದ, ಅಂದರೆ ಬಿಲ್‌ನಲ್ಲಿರುವ ಸಂಪರ್ಕದ ನಂಬರ್‌ನಿಂದ, ಬಿಡಿಸಿಕೊಳ್ಳಿ. ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಮೊದಲೇ ಮೀಟರ್‌ನ ಫೋಟೊ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ.