ಜೆಟ್ಟಿಯಲ್ಲಿ ಗಾಳ ಹಾಕುವ ಮೊದಲು ಹಗ್ಗವನ್ನು ಅಳೆಯಿರಿ

ನಮಸ್ಕಾರ. ಈಗ ತೆರೆಯ ಮೇಲೆ ಕಾಣುತ್ತಿರುವುದು ಬೆಳಗಿನ 5.45ರ ಜೆಟ್ಟಿ. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ, ಉಬ್ಬರವು ತುದಿ ಮುಟ್ಟುವುದಕ್ಕೆ ಅರ್ಧ ಗಂಟೆ ಬಾಕಿಯಿದೆ. ಸಮುದ್ರದಲ್ಲಿ ಗಾಳ ಹಾಕುವುದನ್ನು ಹೊಸದಾಗಿ ಕಲಿಯಬೇಕೆನ್ನುವವರಿಗೆ ಜೆಟ್ಟಿಗಿಂತ ಒಳ್ಳೆಯ ಜಾಗವಿಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ದೋಣಿಯಿಲ್ಲದೆ ಆಳವಾದ ನೀರಿನ ಮೇಲೆ ನಿಲ್ಲುವ ಅವಕಾಶ ಬೇರೆಲ್ಲೂ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಕ್ಯಾಮೆರಾ ಹಿಡಿದಿರುವವಳು ನನ್ನ ತಂಗಿ. ಅವಳ ಧ್ವನಿಯೂ ಆಗಾಗ ಕೇಳಿಸುತ್ತದೆ, ಒಂದು ಕಡೆಯಂತೂ ಅವಳ ಮಾತೇ ಮುಖ್ಯವಾಗುತ್ತದೆ.

ರಾಡ್‌ಗೆ ರೀಲು ಜೋಡಿಸುವುದು, ದಾರವನ್ನು ಉಂಗುರಗಳ ಮೂಲಕ ಹಾಯಿಸುವುದು ಇವೆಲ್ಲವೂ ದೃಶ್ಯದಲ್ಲಿಯೇ ಇವೆ, ಆದ್ದರಿಂದ ಅವನ್ನು ವಿವರಿಸುವುದಿಲ್ಲ. ನನ್ನದು 9 ಅಡಿಯ ರಾಡ್. ಜೆಟ್ಟಿಗೆ ಇಷ್ಟು ಸಾಕು, 12 ಅಡಿಯದು ಕಡಲ ದಂಡೆಯಲ್ಲಿ ನಿಂತು ದೂರಕ್ಕೆ ಎಸೆಯುವವರಿಗೆ ಬೇಕಾದದ್ದು. ರೀಲಿನಲ್ಲಿ ಸುಮಾರು 7 ಕಿಲೋ ಭಾರ ತಡೆಯುವ ನೈಲಾನ್ ದಾರವಿದೆ. ಹೆಣೆದ ದಾರ ಇದಕ್ಕಿಂತ ತೆಳ್ಳಗಿದ್ದು ಹೆಚ್ಚು ಬಲವಾಗಿರುತ್ತದೆ ಎನ್ನುವುದು ನಿಜ, ಆದರೆ ಅದು ಹಿಗ್ಗುವುದಿಲ್ಲ, ಒರಟು ಕಾಂಕ್ರೀಟಿಗೆ ಉಜ್ಜಿದರೆ ಬೇಗ ಹರಿಯುತ್ತದೆ, ಎಸೆಯುವಾಗ ಬೆರಳನ್ನೂ ಕೊಯ್ಯಬಲ್ಲದು. ಆರಂಭಿಸುವವರಿಗೆ ನೈಲಾನೇ ಸರಿ.

ಈ ಗಂಟನ್ನು ಮಾತ್ರ ಹತ್ತಿರದಿಂದ ನೋಡಿ. ದಾರವನ್ನು ಗಾಳದ ಕಣ್ಣಿನೊಳಗೆ ತೂರಿಸಿ, ಅದೇ ದಾರದ ಸುತ್ತ 5 ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಪಕ್ಕದ ಸಣ್ಣ ಕುಣಿಕೆಯಲ್ಲಿ ಹಾಯಿಸಿ, ಆಮೇಲೆ ಉಂಟಾದ ದೊಡ್ಡ ಕುಣಿಕೆಯಲ್ಲಿಯೂ ಹಾಯಿಸಿದ್ದೇನೆ. ಎಳೆದು ಬಿಗಿಯುವ ಮೊದಲು ಗಂಟನ್ನು ಒದ್ದೆ ಮಾಡುವುದನ್ನು ಗಮನಿಸಿ. ಒಣ ದಾರವನ್ನು ಹಾಗೆಯೇ ಎಳೆದರೆ ಉಜ್ಜುವಿಕೆಯಿಂದ ಬಿಸಿಯಾಗಿ, ನೈಲಾನ್ ಅಲ್ಲಿಯೇ ಬಲ ಕಳೆದುಕೊಳ್ಳುತ್ತದೆ. ಮೇಲ್ನೋಟಕ್ಕೆ ಗಂಟು ಚೆನ್ನಾಗಿಯೇ ಕಾಣುತ್ತದೆ, ಮೀನು ಜಗ್ಗಿದಾಗ ಮಾತ್ರ ಅದರ ದೋಷ ತಿಳಿಯುತ್ತದೆ.

ದಾರದ ತುದಿಗೆ ಸೀಸದ ಗುಂಡು ಕಟ್ಟಿ, ಅದಕ್ಕಿಂತ ಮೇಲೆ ಪಕ್ಕಕ್ಕೆ ಚಾಚಿದ ಎರಡು ಗಿಡ್ಡ ದಾರಗಳಲ್ಲಿ ಗಾಳಗಳನ್ನು ಕಟ್ಟಿದ್ದೇನೆ. ಸೀಸ ತಳ ಮುಟ್ಟಿದಾಗ ಗಾಳಗಳು ತಳದಿಂದ ಸ್ವಲ್ಪ ಮೇಲೆ ನಿಲ್ಲುತ್ತವೆ. ಒಂದೇ ಗಾಳ ಸಾಕು, ಎರಡು ಕಟ್ಟಿದರೆ ಸಿಕ್ಕು ಬಿಡಿಸುವುದರಲ್ಲಿಯೇ ಹೊತ್ತು ಹೋಗುತ್ತದೆ ಎಂದು ಮೊದಲೊಮ್ಮೆ ಹೇಳಿದ್ದೆ. ಆ ಮಾತನ್ನು ಈಗ ಹಿಂತೆಗೆದುಕೊಳ್ಳುತ್ತೇನೆ. ಮೀನು ಯಾವ ಆಳದಲ್ಲಿದೆಯೆಂದು ಗೊತ್ತಿಲ್ಲದ ಹೊಸಬರಿಗೆ, ಬೇರೆ ಬೇರೆ ಎತ್ತರದಲ್ಲಿರುವ ಎರಡು ಗಾಳಗಳು ಅದನ್ನು ಹುಡುಕಿಕೊಡುತ್ತವೆ. ಗಾಳ ಕೊಳ್ಳುವಾಗ ಅಳತೆಯ ಲೆಕ್ಕ ಗೊಂದಲ ಹುಟ್ಟಿಸುತ್ತದೆ: ಸಂಖ್ಯೆ ಹೆಚ್ಚಿದಂತೆ ಗಾಳ ಚಿಕ್ಕದಾಗುತ್ತದೆ, ಅಂದರೆ 6ನೆಯ ಅಳತೆಗಿಂತ 2ನೆಯದು ದೊಡ್ಡದು, ಆದರೆ 1 ದಾಟಿದ ಮೇಲೆ 1/0, 2/0 ಎಂದು ಮತ್ತೆ ದೊಡ್ಡದಾಗುತ್ತಾ ಹೋಗುತ್ತದೆ. ಎರೆಯಾಗಿ ಸಿಗಡಿಯನ್ನು ತೆಳುವಾದ ಇಲಾಸ್ಟಿಕ್ ನೂಲಿನಿಂದ ಗಾಳಕ್ಕೆ ಸುತ್ತಿದ್ದೇನೆ, ಇಲ್ಲದಿದ್ದರೆ ನೀರಿಗೆ ಬಡಿದ ಕೂಡಲೇ ಅದು ಕಳಚಿಹೋಗುತ್ತದೆ.

ಮೊದಲ ಎರಡು ಗಂಟೆ ನಾನು ದೂರಕ್ಕೆ ಎಸೆಯುತ್ತಿರುವುದು ಕಾಣುತ್ತಿದೆ. ಪ್ರತಿ ಬಾರಿಯೂ ಹಿಂದಿರುಗಿ ನೋಡುವುದು ಅಭ್ಯಾಸವಾಗಬೇಕು. ಜೆಟ್ಟಿಯ ಮೇಲೆ ಜನ ಓಡಾಡುತ್ತಾರೆ, ತಲೆಯ ಮೇಲಿಂದ ಬೀಸುವ ಗಾಳ ಯಾರ ಮುಖಕ್ಕಾದರೂ ತಾಗಬಹುದು. ಇನ್ನೂ ದೊಡ್ಡ ಅಪಾಯವೆಂದರೆ ಎಸೆತದ ನಡುವೆ ದಾರ ತುಂಡಾಗಿ ಸೀಸ ಹಾರಿಹೋಗುವುದು. ಅದಕ್ಕಾಗಿಯೇ ಮುಖ್ಯ ದಾರದ ಮುಂದೆ ದಪ್ಪ ದಾರದ ಒಂದು ತುಂಡನ್ನು ಕೂಡಿಸಬೇಕು, ಪ್ರತಿ 28 ಗ್ರಾಂ ಸೀಸಕ್ಕೆ ಸುಮಾರು 4.5 ಕಿಲೋ ಬಲ ಎಂಬ ಲೆಕ್ಕವನ್ನು ಬಹುಕಾಲದಿಂದ ಗಾಳ ಹಾಕುವವರು ಪಾಲಿಸುತ್ತಾರೆ. ನನ್ನ ಸೀಸ 85 ಗ್ರಾಂ, ಹಾಗಾಗಿ 13.5 ಕಿಲೋ ಬಲದ ದಾರ. ಅದರ ಉದ್ದ ರಾಡಿನ ಎರಡರಷ್ಟಿರಬೇಕು, ಜೊತೆಗೆ ರೀಲಿಗೆ ಕೆಲವು ಸುತ್ತು ಬರುವಷ್ಟು ಹೆಚ್ಚಿರಬೇಕು.

ಇಷ್ಟೆಲ್ಲ ಜಾಗ್ರತೆಯಿಂದ ಎರಡು ಗಂಟೆ ಎಸೆದರೂ ಒಂದು ಮೀನೂ ಮುಟ್ಟಲಿಲ್ಲ. ಆಗ ಕಂಬಿಯ ಮೇಲಿಂದ ಬಗ್ಗಿ ನೇರ ಕೆಳಗೆ ನೋಡಿದೆ. ಈ ದೃಶ್ಯವನ್ನು ತಂಗಿ ತುಂಬ ಚೆನ್ನಾಗಿ ಹಿಡಿದಿದ್ದಾಳೆ: ಕಂಬದ ಮೈತುಂಬ ಬಾರ್ನಕಲ್ ಎಂಬ ಚೂಪು ಚಿಪ್ಪಿನ ಜೀವಿಗಳು, ಪಚ್ಚಿಲೆ ಚಿಪ್ಪುಗಳು, ಪಾಚಿ, ಅವುಗಳ ಸಂದಿಯಲ್ಲಿ ಏಡಿಮರಿಗಳು, ಕಂಬದ ನೆರಳಿನಲ್ಲಿ ಒಂದು ಬೆಳ್ಳಿಯ ಮಿಂಚು ಅತ್ತಿತ್ತ ತಿರುಗುತ್ತಿದೆ. ಜೆಟ್ಟಿಯ ಕಂಬಗಳೇ ಮೀನಿಗೆ ಆಹಾರದ ಗೋಡೆ. ಹರಿವು ಕಂಬಕ್ಕೆ ಬಡಿದು ಎರಡಾಗಿ ಸೀಳುವಾಗ ಹಿಂಬದಿಯಲ್ಲಿ ನೀರು ಮಂದವಾಗುತ್ತದೆ, ಅಲ್ಲಿ ಮೀನು ಹೆಚ್ಚು ಶ್ರಮವಿಲ್ಲದೆ ನಿಂತು ತೇಲಿಬರುವುದನ್ನು ತಿನ್ನುತ್ತದೆ. ದೂರ ಎಸೆಯುವುದು ದಂಡೆಯವರ ಅಗತ್ಯ. ಜೆಟ್ಟಿಯವರು ಮೊದಲು ಕಾಲಡಿಯ ನೀರನ್ನು ನಂಬಬೇಕು. ಸೀಸದ ಕಟ್ಟನ್ನು ಬಿಚ್ಚಿ, ಬೆಂಡು ಕಟ್ಟಿ, ಎರೆಯನ್ನು ಕಂಬದಿಂದ ಒಂದು ಮಾರು ದೂರದಲ್ಲಿ ಇಳಿಬಿಟ್ಟೆ.

ಈಗ ಸಮಯ 10.15. ಬೆಂಡು ಒಮ್ಮೆ ನಡುಗಿತು, ಪಕ್ಕಕ್ಕೆ ಸರಿಯಿತು, ಆಮೇಲೆ ಮುಳುಗಿಯೇ ಹೋಯಿತು. ರಾಡ್ ಬಾಗಿರುವುದನ್ನು ನೀವೇ ನೋಡುತ್ತಿದ್ದೀರಿ. ಮೀನು ಎರಡು ಬಾರಿ ಕಂಬದ ಸುತ್ತ ನುಗ್ಗಿತು, ಎರಡನೆಯ ಸಲ ದಾರ ಬಾರ್ನಕಲ್‌ಗಳ ಮೇಲೆ ಕರಕರನೆ ಉಜ್ಜಿದ್ದು ನನ್ನ ಕೈಗೇ ತಿಳಿಯಿತು. ಕೊನೆಗೆ ದಣಿದು ನೀರಿನ ಮೇಲೆ ಬಂದು ಅಡ್ಡಲಾಗಿ ತೇಲಿತು, ಕಣ್ಣಂದಾಜಿನಲ್ಲಿ ಒಂದೂವರೆ ಕಿಲೋ ಇತ್ತು. ಜೆಟ್ಟಿಯಿಂದ ಮೀನನ್ನು ಎತ್ತುವುದಕ್ಕೆ ಬುಟ್ಟಿಬಲೆ ಬೇಕು, ಅಂದರೆ ಲೋಹದ ಬಳೆಗೆ ಬಲೆ ಕಟ್ಟಿ ಹಗ್ಗದಿಂದ ಇಳಿಬಿಡುವ ಸಾಧನ. ಅದು ನನ್ನ ಬಳಿ ಇತ್ತು. ಅದನ್ನು ಇಳಿಬಿಟ್ಟು ತಂಗಿಯ ಕೈಗೆ ಹಗ್ಗ ಕೊಟ್ಟೆ. "ಅಣ್ಣಾ, ಬಲೆ ನೀರಿಗೇ ಮುಟ್ಟುತ್ತಿಲ್ಲ" ಎಂದಳು. ಕಂಬಿಗೆ ಒರಗಿ ಕೈ ಪೂರ್ತಿ ಚಾಚಿದರೂ ಬಲೆ ನೀರಿನ ಮೇಲೆ ನೇತಾಡುತ್ತಲೇ ಇತ್ತು.

ಹಗ್ಗ ಯಾಕೆ ಗಿಡ್ಡವಾಯಿತೆಂಬುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಈ ವೀಡಿಯೊದಲ್ಲಿ ಇದಕ್ಕಿಂತ ಉಪಯುಕ್ತವಾದ ಮಾತು ಇನ್ನೊಂದಿಲ್ಲ. ಬೆಳಿಗ್ಗೆ 6.15ಕ್ಕೆ, ಉಬ್ಬರದ ತುದಿಯಲ್ಲಿ, ಕಂಬಿಯಿಂದ ನೀರಿಗೆ ಮೂರೂವರೆ ಮೀಟರ್ ಇತ್ತು. ನನ್ನ ಹಗ್ಗ 5 ಮೀಟರ್. ಒಂದೂವರೆ ಮೀಟರ್ ಹೆಚ್ಚೇ ಇದೆಯೆಂದು ಸಮಾಧಾನಪಟ್ಟೆ. ಆದರೆ ಅದು ಹುಣ್ಣಿಮೆಯ ಮಾರನೆಯ ದಿನ. ಅಮಾವಾಸ್ಯೆ ಮತ್ತು ಹುಣ್ಣಿಮೆಯಲ್ಲಿ ಸೂರ್ಯ, ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಕೂಡುವುದರಿಂದ, ಅದರ ಒಂದೆರಡು ದಿನಗಳಲ್ಲಿ ಉಬ್ಬರ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ. ಆ ದಿನದ ಏರಿಳಿತದ ಅಂತರ 3.6 ಮೀಟರ್ ಎಂದು ಉಬ್ಬರವಿಳಿತದ ಪಟ್ಟಿಯಲ್ಲಿ ಬರೆದಿತ್ತು, ನಾನು ಅದರಲ್ಲಿ ಹೊತ್ತನ್ನು ಮಾತ್ರ ನೋಡಿದ್ದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ಬರುವ ಕಡೆಗಳಲ್ಲಿ ತುದಿಯಿಂದ ತಳಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಆದರೆ ನೀರು ಸಮನಾಗಿ ಇಳಿಯುವುದಿಲ್ಲ. ಒಟ್ಟು ಅಂತರವನ್ನು 12 ಪಾಲು ಮಾಡಿದರೆ, ಮೊದಲ ಗಂಟೆಯಲ್ಲಿ 1 ಪಾಲು, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ 3, ಆಮೇಲೆ 2, ಕೊನೆಗೆ 1 ಪಾಲು ಇಳಿಯುತ್ತದೆ. ಅಂದರೆ ನಡುವಿನ ಎರಡೇ ಗಂಟೆಗಳಲ್ಲಿ ಅರ್ಧ ನೀರು ಇಳಿದುಹೋಗುತ್ತದೆ. ನಾಲ್ಕು ಗಂಟೆ ಕಳೆದಿದ್ದರಿಂದ 9 ಪಾಲು, ಅಂದರೆ 2.7 ಮೀಟರ್ ಇಳಿದಿತ್ತು. ಕಂಬಿಯಿಂದ ನೀರಿಗೆ ಈಗ 6.2 ಮೀಟರ್, ಹಗ್ಗ ಅದೇ 5 ಮೀಟರ್.

ಆಮೇಲೆ ನಾನು ಮಾಡಿದ್ದು ತಪ್ಪು. ಮೀನನ್ನು ರೀಲಿನಿಂದಲೇ ಮೇಲೆತ್ತಲು ಹೋದೆ. ನೀರಿನೊಳಗೆ ಮೀನಿನ ಭಾರವನ್ನು ನೀರೇ ಹೊರುತ್ತದೆ, ಹೊರಗೆ ಬಂದ ಕ್ಷಣ ಅದರ ಪೂರ್ತಿ ತೂಕ ದಾರದ ಮೇಲೆ ಬೀಳುತ್ತದೆ, ಒದರಾಡಿದರೆ ಜಗ್ಗಾಟ ಇನ್ನೂ ಹೆಚ್ಚು. ಹೊಸ ದಾರವಾಗಿದ್ದರೆ ತಡೆಯುತ್ತಿತ್ತೋ ಏನೋ, ಆದರೆ ಬಾರ್ನಕಲ್ ಉಜ್ಜಿದ ಜಾಗ ಆಗಲೇ ಸವೆದಿತ್ತು. ಅರ್ಧ ದಾರಿಯಲ್ಲಿ ಅದು ಅಲ್ಲಿಯೇ ತುಂಡಾಯಿತು. ಮೀನು ಬಾಯಲ್ಲಿ ಗಾಳ, ಹಿಂದೆ ಉದ್ದನೆಯ ದಾರ ಎಳೆದುಕೊಂಡು ಕೆಳಗೆ ಬಿದ್ದು ಮುಳುಗಿತು. ಅದನ್ನು ಕಳೆದುಕೊಂಡದ್ದಕ್ಕಿಂತ ಆ ಸ್ಥಿತಿಯಲ್ಲಿ ಕಳಿಸಿದ್ದು ನನಗೆ ಹೆಚ್ಚು ನೋವು ಕೊಟ್ಟಿತು. ಅಲ್ಲಿಯೇ ಕುಳಿತು, ಉಳಿದ ಎಲ್ಲ ಗಾಳಗಳ ಹಿಮ್ಮುಳ್ಳನ್ನು, ಅಂದರೆ ಮೊನೆಯ ಬಳಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳನ್ನು, ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದೆ, ಹಾಗೆ ಮಾಡಿದರೆ ತಪ್ಪಿಸಿಕೊಂಡ ಮೀನು ಗಾಳವನ್ನು ಕೊಡವಿಕೊಳ್ಳುವ ಸಾಧ್ಯತೆ ಹೆಚ್ಚು. ದಾರದ ವಿಷಯ ಬಂದಾಗ ಇನ್ನೊಂದು ಮಾತು: ಕತ್ತರಿಸಿ ಎಸೆದ ನೈಲಾನ್ ಕೊಳೆಯುವುದಿಲ್ಲ, ಹಕ್ಕಿಗಳ ಕಾಲಿಗೂ ರೆಕ್ಕೆಗೂ ಸುತ್ತಿಕೊಂಡು ಅವುಗಳನ್ನು ಕೊಲ್ಲುತ್ತದೆ, ಈ ಜೆಟ್ಟಿಯ ಕಂಬಿಗಳಲ್ಲಿಯೇ ಅಂತಹ ಸಿಕ್ಕುಗಳು ಎಷ್ಟು ನೇತಾಡುತ್ತಿವೆಯೆಂದರೆ... ದೃಶ್ಯ ಬದಲಾಯಿತು, ಮುಂದಕ್ಕೆ ಹೋಗೋಣ.

ರಾಡಿನ ಬಗ್ಗೆ ಮೊದಲು ಹೇಳಿದ್ದನ್ನೂ ತಿದ್ದಿಕೊಳ್ಳಬೇಕು. 9 ಅಡಿ ಎಸೆಯುವುದಕ್ಕೆ ಸಾಕು, ಆದರೆ ಕಂಬದ ಪಕ್ಕ ಹಿಡಿಯುವಾಗ 10 ಅಥವಾ 11 ಅಡಿಯದಿದ್ದರೆ ದಾರವನ್ನು ಕಂಬದಿಂದ ದೂರ ಹಿಡಿಯಬಹುದು. ರೀಲಿನ ಡ್ರ್ಯಾಗ್ ಅನ್ನು, ಅಂದರೆ ದಾರ ಬಿಚ್ಚದಂತೆ ತಡೆಹಿಡಿಯುವ ಬಿಗಿತವನ್ನು, ದಾರದ ಬಲದ ಕಾಲು ಭಾಗಕ್ಕೆ ಬಿಗಿದಿದ್ದೆ, ಅಂದರೆ 1.75 ಕಿಲೋ ಜಗ್ಗಿದರೆ ರೀಲು ದಾರ ಬಿಡುತ್ತದೆ. ಅದು ಸರಿಯಾಗಿಯೇ ಕೆಲಸ ಮಾಡಿತು, ಅದರ ಮೇಲೆ ದೂರಿಲ್ಲ.

ಚೀಲದಲ್ಲಿದ್ದ 4 ಮೀಟರ್ ಹಗ್ಗವನ್ನು ಕೂಡಿಸಿ ಬಲೆ ಸರಿಪಡಿಸಿದ ಮೇಲೆ, 11.30ರ ಹೊತ್ತಿಗೆ ಅಂಗೈಯಗಲದ ಈ ಮೀನು ಸಿಕ್ಕಿತು. ಬೆನ್ನಿನ ಮುಳ್ಳುಗಳು ನೆಟ್ಟಗೆ ನಿಂತಿವೆ, ಆದ್ದರಿಂದ ಬರಿಗೈಯಲ್ಲಿ ಹಿಡಿದಿಲ್ಲ. ಗುರುತು ಸಿಗದ ಮೀನನ್ನು ಎಂದೂ ಮುಷ್ಟಿಯಲ್ಲಿ ಹಿಡಿಯಬಾರದು. ಹಲವು ಮೀನುಗಳ ಮುಳ್ಳಿನಲ್ಲಿ ವಿಷವಿರುತ್ತದೆ, ಚುಚ್ಚಿದರೆ ಚರ್ಮ ಸುಡದಂತೆ ತಾಳುವಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿಯವರೆಗೆ, ಆ ಭಾಗವನ್ನು ಮುಳುಗಿಸಿಟ್ಟುಕೊಂಡೇ ವೈದ್ಯರ ಬಳಿಗೆ ಹೋಗಬೇಕು, ಏಕೆಂದರೆ ಆ ವಿಷಗಳು ಶಾಖಕ್ಕೆ ಕೆಡುತ್ತವೆ. ಮೈಯನ್ನು ಚೆಂಡಿನಂತೆ ಉಬ್ಬಿಸಿಕೊಳ್ಳುವ ಪಫರ್ ಮೀನಿನ ಜಾತಿಯದು ಸಿಕ್ಕರೆ ತಿನ್ನುವ ಯೋಚನೆಯನ್ನೇ ಬಿಡಿ, ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ. ಈ ಮೀನು ಚಿಕ್ಕದು. ಗಾಳ ಬಿಡಿಸಿದೆ, ಹಿಮ್ಮುಳ್ಳಿಲ್ಲದ ಗಾಳ ಒಂದೇ ತಿರುವಿಗೆ ಬಂದಿತು. ಮೇಲಿಂದ ಎಸೆಯದೆ ಅದೇ ಬಲೆಯಲ್ಲಿಟ್ಟು ನೀರಿಗೆ ಇಳಿಸಿದೆವು. ಬಲೆ ಮುಳುಗಿದ ಕೂಡಲೇ ಅದು ಅಂಚಿನ ಮೇಲಿಂದ ಜಾರಿ ಕಂಬದ ನೆರಳಿಗೆ ಸೇರಿತು.

ಇದು ಕೊನೆಯ ದೃಶ್ಯ, 12.30, ಇಳಿತದ ತಳ. ಕಂಬಿಯಿಂದ ನೀರಿಗೆ 7.1 ಮೀಟರ್ ಇದೆ. ಹಗ್ಗಕ್ಕೆ ಪ್ರತಿ ಮೀಟರಿಗೊಂದು ಕೆಂಪು ನೂಲು ಕಟ್ಟಿದ್ದೇವೆ, ತಂಗಿ ಒಂದೊಂದನ್ನೇ ಎಣಿಸುತ್ತಾ ಬಲೆ ಇಳಿಸುತ್ತಿದ್ದಾಳೆ. "ಏಳು... ಮುಟ್ಟಿತು ಅಣ್ಣಾ, ಇನ್ನೂ ಒಂದು ನೂಲು ಕೈಯಲ್ಲೇ ಇದೆ."