ಬಿಸಿ ಎಷ್ಟು ಅಂತ ಮಾತ್ರ ಕೇಳಬೇಡಿ, ಬೆರಕೆ ಏನು ಅಂತಲೂ ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ. ಬಿಸಿ ಗಾಳಿ ಮೇಲೇರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ. ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ, ಅಲ್ವಾ? ಆದರೆ ಗಾಳಿಯಲ್ಲಿ ಏನು ಬೆರೆತಿದೆ ಅಂತ ಯಾರೂ ಕೇಳುವುದೇ ಇಲ್ಲ! ಬಿಸಿ ಎಷ್ಟು, ಬೆರಕೆ ಏನು, ಎರಡನ್ನೂ ನೋಡಬೇಕು. ಹಗುರವಾದದ್ದು ಏರುತ್ತದೆ, ಭಾರವಾದದ್ದು ಇಳಿಯುತ್ತದೆ, ಅಷ್ಟೇ.

ಆಫ್ರಿಕಾದ ಕ್ಯಾಮರೂನ್ ದೇಶದಲ್ಲಿ ನಿಯೋಸ್ ಅಂತ ಒಂದು ಸರೋವರ ಇದೆ. ಜ್ವಾಲಾಮುಖಿಯ ಹಳೇ ಬಾಯಲ್ಲಿ ನಿಂತ ನೀರು, ಆಳ 200 ಮೀಟರಿಗೂ ಜಾಸ್ತಿ. ನೆಲದಡಿಯಿಂದ ಜಿನುಗಿದ ಕಾರ್ಬನ್ ಡೈಆಕ್ಸೈಡ್ ತಳದ ನೀರಲ್ಲಿ ಕರಗಿ ಕೂತಿತ್ತು. 1986ರ ಆಗಸ್ಟ್ 21ರ ರಾತ್ರಿ, ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ, ಅದು ಒಮ್ಮೆಲೇ ಹೊರಗೆ ನುಗ್ಗಿತು. ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸಾಲದ್ದಕ್ಕೆ ತಣ್ಣಗೂ ಇತ್ತು, ಹಾಗಾಗಿ ಮೇಲೆ ಹೋಗಿ ಚದುರಲಿಲ್ಲ, ಕಣಿವೆ ಹಿಡಿದು ನೆಲಕ್ಕೆ ಅಂಟಿಕೊಂಡೇ ಹರಿದು ಮಲಗಿದ್ದ ಊರುಗಳ ಮೇಲೆ ಕೂತುಬಿಟ್ಟಿತು. ಸುಮಾರು 1,700 ಜನ ಉಸಿರುಕಟ್ಟಿ ಸತ್ತರು. ದನಕರುಗಳು 3,000ಕ್ಕೂ ಹೆಚ್ಚು. ಇಪ್ಪತ್ತು ಕಿಲೋಮೀಟರ್ ದೂರದಲ್ಲೂ ಜನ ಸತ್ತರು.

ನಮ್ಮ ಮನೆಯೊಳಗಿನ 27 ಡಿಗ್ರಿ ಗಾಳಿಯಷ್ಟು ಹಗುರ ಆಗಬೇಕಾದರೆ ಈ ಅನಿಲವನ್ನು ಸುಮಾರು 180 ಡಿಗ್ರಿಗೆ ಕಾಯಿಸಬೇಕು. ಬೆರಕೆಯ ಜೋರು ಅಷ್ಟಿದೆ! 2001ರಲ್ಲಿ ಆ ಸರೋವರದ ತಳದವರೆಗೆ ಪೈಪ್ ಇಳಿಸಿ ಅನಿಲವನ್ನು ಸ್ವಲ್ಪ ಸ್ವಲ್ಪವಾಗಿ ಹೊರಬಿಡಲು ಶುರು ಮಾಡಿದರು. ಒಮ್ಮೆ ನೀರು ಎಳೆದುಕೊಟ್ಟರೆ ಸಾಕು, ಆಮೇಲೆ ಪಂಪ್ ಬೇಡ, ಗುಳ್ಳೆಗಳೇ ನೀರನ್ನು ಎತ್ತಿ ಕಾರಂಜಿ ಮಾಡುತ್ತವೆ. ಎಂಥ ಚಂದದ ಉಪಾಯ ನೋಡಿ.

ಸಮಯ ಮುಗೀತಾ ಬಂತು, ಬೇಗ ಅಡುಗೆಮನೆಗೆ ಬರೋಣ. ಸಿಲಿಂಡರಿನ ಗ್ಯಾಸ್ ಅಂದರೆ ಪ್ರೊಪೇನ್, ಬ್ಯುಟೇನ್. ಎರಡೂ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಹರಡಿ ಕಟ್ಟೆಯ ಕೆಳಗೆ, ಮೂಲೆಯಲ್ಲಿ ನಿಲ್ಲುತ್ತದೆ. ಮೇಲಿನ ಕಿಂಡಿ ತೆರೆದಿದೆಯಲ್ಲ ಅಂತ ಸುಮ್ನೆ ಕೂರುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ದಯವಿಟ್ಟು ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಪೂರ್ತಿ ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಎಕ್ಸಾಸ್ಟ್ ಫ್ಯಾನಿನದ್ದೂ ಬೇಡ.

ಬೆಂಗಳೂರಿನ ಎಷ್ಟೋ ಮನೆಗಳಿಗೆ ಈಗ ಪೈಪಿನಲ್ಲಿ ಬರುವ ಗ್ಯಾಸ್ ಬೇರೆ. ಅದು ಹೆಚ್ಚುಕಡಿಮೆ ಪೂರ್ತಿ ಮಿಥೇನ್, ಗಾಳಿಗಿಂತ ಹಗುರ, ಸೋರಿದರೆ ಸೂರಿನ ಕೆಳಗೆ ಸೇರಿಕೊಳ್ಳುತ್ತದೆ. ಅಂಥ ಮನೆಗಳಲ್ಲಿ ಮೇಲಿನ ಕಿಂಡಿಯನ್ನು ಯಾವತ್ತೂ ಮುಚ್ಚಬೇಡಿ. ನಮಸ್ಕಾರ.