ಏಳು ಕಿಲೋ ಚೀಲದಲ್ಲಿ ಬಿಸಿಲು, ಹಿಮ, ಮಳೆ

ನಮಸ್ಕಾರ. ಕಲಬುರಗಿಯಲ್ಲಿ ಈ ಹೊತ್ತು 42 ಡಿಗ್ರಿ ಬಿಸಿಲು. ಫ್ಯಾನಿನ ಗಾಳಿಯೂ ಕಾದಿದೆ. ಇಂಥ ಮಧ್ಯಾಹ್ನದಲ್ಲಿ ನಾನು ಉಣ್ಣೆಯ ಕಾಲುಚೀಲ ಮಡಚುತ್ತಿದ್ದೇನೆ. ನಾಳೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿ, ಅಲ್ಲಿಂದ ಮನಾಲಿ, ಅಟಲ್ ಸುರಂಗ ದಾಟಿ ಲೇಹ್. ವಾಪಸಾಗುವಾಗ ಮನೆಗೆ ಬರದೆ ನೇರವಾಗಿ ಗೋಕರ್ಣ ಮತ್ತು ಆಗುಂಬೆ. ಅಷ್ಟರಲ್ಲಿ ಅಲ್ಲಿ ಮುಂಗಾರು ಹಿಡಿದಿರುತ್ತದೆ. ನಡುವೆ ಒಂದು ವಿಮಾನ ಪ್ರಯಾಣವೂ ಇದೆ. ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ. ಇಡೀ ಪ್ರಯಾಣಕ್ಕೆ ಆ ಒಂದೇ ಚೀಲ ಸಾಕು ಎಂದು ನಿರ್ಧರಿಸಿದ್ದೇನೆ.

ಬಿಸಿಲು ನಮಗೆ ಹೊಸದಲ್ಲ. ನಮ್ಮ ಕಡೆಯವರನ್ನು ಹೆದರಿಸುವುದು ಚಳಿ. ಲೇಹ್ ಎಂದ ಕೂಡಲೇ ಮನೆಯಲ್ಲಿದ್ದ ಸ್ವೆಟರುಗಳೆಲ್ಲ ಮಂಚದ ಮೇಲೆ ಬಂದು ಬಿದ್ದವು. ಆದರೆ ಒಂದು ಲೆಕ್ಕ ಹಾಕಿ ನೋಡಿ. ಸಾವಿರ ಮೀಟರ್ ಎತ್ತರಕ್ಕೆ ಏರಿದರೆ ತಾಪಮಾನ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಕಲಬುರಗಿ ಇರುವುದು ಸುಮಾರು 450 ಮೀಟರ್ ಎತ್ತರದಲ್ಲಿ, ಲೇಹ್ 3500ರಲ್ಲಿ. ಅಂದರೆ ಹೆಚ್ಚುಕಡಿಮೆ ಇಪ್ಪತ್ತು ಡಿಗ್ರಿ ಕಡಿಮೆ. ಜೂನಿನ ಹಗಲಲ್ಲಿ ಅಲ್ಲಿ ಅಂಗಿಯೊಂದೇ ಸಾಕಾಗುತ್ತದೆ. ಕಷ್ಟ ಕೊಡುವುದು ರಾತ್ರಿ, ಗಾಳಿ ಮತ್ತು ಎತ್ತರದ ಕಣಿವೆದಾರಿಗಳು. ಒಂದೇ ದಿನದೊಳಗೆ ಬದಲಾಗುವ ಹವೆಗೆ ದಪ್ಪ ಸ್ವೆಟರಿನಿಂದ ಉಪಯೋಗವಿಲ್ಲ. ತೊಟ್ಟರೆ ಬೆವರು, ಬಿಚ್ಚಿದರೆ ನಡುಕ.

ನಮ್ಮ ಸೀಮೆಯ ಕುರಿಗಾಹಿಗಳ ಹೆಗಲ ಮೇಲಿನ ಕಂಬಳಿಯನ್ನು ನೋಡಿದ್ದೀರಲ್ಲ? ಮಳೆ ಬಂದರೆ ಅದೇ ಕೊಪ್ಪೆ, ರಾತ್ರಿ ಅದೇ ಹಾಸಿಗೆ, ಮಾಗಿಯ ಚಳಿಗೆ ಅದೇ ಹೊದಿಕೆ. ಕುರಿಹಿಂಡಿನ ಹಿಂದೆ ಊರೂರು ಅಲೆಯುವವರು ಒಂದು ವಸ್ತುವಿಗೆ ಒಂದೇ ಕೆಲಸ ಕೊಟ್ಟು ಹೊರೆ ಹೊರುವುದಿಲ್ಲ. ನನ್ನ ಚೀಲ ಕಟ್ಟುವ ಕ್ರಮವೆಲ್ಲ ಆ ಬುದ್ಧಿಯಿಂದಲೇ ಬಂದದ್ದು. ಎರಡು ಕಡೆಯಾದರೂ ಬಳಕೆಗೆ ಬಾರದ ವಸ್ತುವಿಗೆ ಇದರಲ್ಲಿ ಜಾಗವಿಲ್ಲ.

ಹಾಗಾಗಿ ಮೈಗೆ ಅಂಟುವಂತೆ ಒಂದು ತೆಳು ಉಣ್ಣೆಯ ಬನಿಯನ್, ಅದರ ಮೇಲೆ ಒಂದು ಫ್ಲೀಸ್ (ಕೃತಕ ನೂಲಿನ ಹಗುರ ಬೆಚ್ಚನೆ ಅಂಗಿ), ಎಲ್ಲಕ್ಕಿಂತ ಹೊರಗೆ ಗಾಳಿ ಮತ್ತು ನೀರು ತಡೆಯುವ ಜಾಕೆಟ್. ಲೇಹ್‌ನಲ್ಲಿ ಗಾಳಿಯನ್ನು ತಡೆದ ಈ ಜಾಕೆಟ್ಟೇ ಆಗುಂಬೆಯಲ್ಲಿ ಮಳೆಯಂಗಿಯಾಗುತ್ತದೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಬೆಚ್ಚಗಿಡುವುದರಿಂದ ಬಟ್ಟೆಯ ದಪ್ಪದ ಚಿಂತೆ ಬೇಡ. ಭಾರಿ ಜಾಕೆಟ್ಟೇ ಬೇಕೆನಿಸಿದರೆ ಮನಾಲಿಯಲ್ಲಿ ಬಾಡಿಗೆಗೆ ಸಿಗುತ್ತದೆ. ಅದನ್ನು ಕಲಬುರಗಿಯಿಂದ ಹೊತ್ತೊಯ್ಯುವ ಅಗತ್ಯವೇ ಇಲ್ಲ.

ಜೀನ್ಸನ್ನು ಮನೆಯಲ್ಲೇ ಬಿಡುತ್ತಿದ್ದೇನೆ. ನಮ್ಮೂರಿನ ಒಣ ಬಿಸಿಲಿಗೆ ದಪ್ಪ ಹತ್ತಿಯೂ ಬೇಗ ಆರುತ್ತದೆ, ನಿಜ. ಆದರೆ ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 750 ಮಿಲಿಮೀಟರ್ ಮಳೆ, ಆಗುಂಬೆಯಲ್ಲಿ ಅದು 7000 ದಾಟುತ್ತದೆ. ಅಲ್ಲಿ ನೆನೆದ ಜೀನ್ಸ್ ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ಚಳಿಯಲ್ಲಂತೂ ಒದ್ದೆ ಹತ್ತಿ ಅಪಾಯಕಾರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆಯುತ್ತದೆ. ಬೇಗ ಒಣಗುವ ಎರಡು ಪ್ಯಾಂಟು, ಒಂದು ಚಡ್ಡಿ ಸಾಕು. ಚಡ್ಡಿ ಸಮುದ್ರಕ್ಕೂ ಆಯಿತು, ಮಲಗುವುದಕ್ಕೂ ಆಯಿತು.

ಒಗೆದದ್ದನ್ನು ಒಣಗಿಸಲು ಒಂದು ಉಪಾಯವಿದೆ. ಒದ್ದೆ ಅಂಗಿಯನ್ನು ಒಣ ಟವೆಲಿನಲ್ಲಿ ಸುತ್ತಿ ಬಿಗಿಯಾಗಿ ಹಿಂಡಿದರೆ ಅರ್ಧ ನೀರು ಟವೆಲಿಗೆ ಹೋಗುತ್ತದೆ. ಅದಕ್ಕೆ ದಪ್ಪ ಟರ್ಕಿ ಟವೆಲ್ ಬೇಡ, ಅಜ್ಜ ಹೆಗಲ ಮೇಲೆ ಹಾಕುವಂಥ ತೆಳು ಟವೆಲ್ಲೇ ಬೇಕು. ದೆಹಲಿಯ ಬಿಸಿಲಿಗೆ ತಲೆಗೆ ಸುತ್ತಲೂ ಅದೇ, ಗುರುದ್ವಾರದಲ್ಲಿ ತಲೆ ಮುಚ್ಚಲೂ ಅದೇ. ಒಂದು ವಾರಕ್ಕಾಗುವಷ್ಟು ಒಳಉಡುಪು, ನಾಲ್ಕು ಅಂಗಿ. ಪ್ರಯಾಣ ಎಷ್ಟು ಉದ್ದವಾದರೂ ಈ ಸಂಖ್ಯೆ ಬೆಳೆಯುವುದಿಲ್ಲ. ಬೂಟು ಚೀಲದಲ್ಲಿಲ್ಲ, ಕಾಲಿನಲ್ಲಿದೆ. ಚೀಲದಲ್ಲಿರುವುದು ಒಂದು ಜೊತೆ ರಬ್ಬರ್ ಚಪ್ಪಲಿ.

ಪವರ್ ಬ್ಯಾಂಕ್ 20,000 ಎಂಎಎಚ್, ಅಂದರೆ 74 ವ್ಯಾಟ್ ಅವರ್. ವಿಮಾನದಲ್ಲಿ ನೂರರವರೆಗೆ ಬಿಡುತ್ತಾರೆ. ಆದರೆ ಅದು ಕೈಚೀಲದಲ್ಲೇ ಇರಬೇಕು. ಚಳಿಗೆ ಬ್ಯಾಟರಿ ಬೇಗ ಸೋಲುವುದರಿಂದ, ಲೇಹ್‌ನಲ್ಲಿ ರಾತ್ರಿ ಕ್ಯಾಮೆರಾದ ಬ್ಯಾಟರಿ ನನ್ನ ಹೊದಿಕೆಯೊಳಗೇ ಮಲಗುತ್ತದೆ. ದಿನವೂ ನುಂಗುವ ಮಾತ್ರೆ, ಅದರ ಚೀಟಿ ಮೇಲಿನ ಜೇಬಿನಲ್ಲಿವೆ. ಔಷಧಿಯಲ್ಲಿ ತೂಕ ಉಳಿಸಲು ಹೋಗಬೇಡಿ.

ಈಗ ನೀವು ನೋಡುತ್ತಿರುವುದು ಗಂಜಿನ, ಅಂದರೆ ನಮ್ಮೂರ ಧಾನ್ಯ ಮಾರುಕಟ್ಟೆಯ, ಅಂಗಡಿ. ತೊಗರಿ ತೂಗುವ ಕಾಟಾದ ಮೇಲೆ ಚೀಲ ಇಟ್ಟಿದ್ದೇವೆ. 6 ಕಿಲೋ 400 ಗ್ರಾಂ. ಉಳಿದ 600 ಗ್ರಾಂ ಪೂರ್ತಿ ಅಮ್ಮನಿಗೆ ಬಿಟ್ಟಿದ್ದೇನೆ, ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಗೆ, ಅಂದರೆ ಶೇಂಗಾ ಚಟ್ನಿಪುಡಿಗೆ. ನೀರಿನಂಶ ಹೋದ ಜೋಳದ ರೊಟ್ಟಿ ಹಗುರ, ವಾರಗಟ್ಟಲೆ ಕೆಡುವುದಿಲ್ಲ. ಇಷ್ಟು ಕಡಿಮೆ ತೂಕದಲ್ಲಿ ಹೊಟ್ಟೆ ತುಂಬಿಸುವ ಊಟ ಬೇರೆಲ್ಲೂ ನನಗೆ ಸಿಕ್ಕಿಲ್ಲ. ಹಿಂಡಿಯ ಪೊಟ್ಟಣದಿಂದ ಗಾಳಿಯನ್ನೆಲ್ಲ ಒತ್ತಿ ತೆಗೆದು ಕಟ್ಟಬೇಕು. ಲೇಹ್‌ನಲ್ಲಿ ಗಾಳಿಯ ಒತ್ತಡ ಕಡಲತೀರದ ಮೂರನೇ ಎರಡು ಭಾಗದಷ್ಟೇ ಇರುವುದರಿಂದ ಪೊಟ್ಟಣ ಉಬ್ಬಿ ಒಡೆಯಬಹುದು. ಅಲ್ಲಿನ ಒಣ ಗಾಳಿಯಲ್ಲಿ ರೊಟ್ಟಿ ಗರಿಗರಿಯಾಗಿಯೇ ಇರುತ್ತದೆ. ಗೋಕರ್ಣದ ಗಾಳಿ ತಾಗಿದರೆ ಮೆತ್ತಗಾಗುತ್ತದೆ, ಅಷ್ಟರೊಳಗೆ ತಿಂದು ಮುಗಿಸಬೇಕು.